ಕಾಣುವ ಗೋಪುರ, ಕಾಣದ ದಾರಿ

ನಮ್ಮ ಶಾಲೆಯು ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನನ್ನದೂ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡರು. ಶಾಲೆ ಬೆಳೆದು ಬಂದ ಬಗೆಯನ್ನೂ ಸ್ಥಾಪಕರ ತ್ಯಾಗವನ್ನೂ ಬಲ್ಲವರು ಅನೇಕರಿದ್ದಾರೆ. ಅವರು ಅದನ್ನು ಬರೆಯುವರು. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಅಧ್ಯಾಪಕ ತರಬೇತಿ ಪಡೆದು, ಇಲ್ಲಿಯೇ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ನಾನು ಎಪ್ಪತ್ತು ದಾಟಿದ ಮೇಲೆ ಹೊಸದಾಗಿ ಕಲಿತ ಪಾಠವೊಂದನ್ನು ಇಲ್ಲಿ ಒಪ್ಪಿಸಬೇಕೆಂದಿದ್ದೇನೆ. ಅದು ಮೊಬೈಲ್ ಗೋಪುರಗಳಿಗೆ ಸಂಬಂಧಿಸಿದ್ದು. ಶಾಲೆಯ ಸಂಚಿಕೆಗೆ ಅದರ ಗೊಡವೆ ಏಕೆಂದು ಕೇಳುವವರು ಕೊನೆಯ ತನಕ ಓದುವ ಕೃಪೆ ಮಾಡಬೇಕು.

2020ರ ಜೂನ್ 1ರಂದು ಕೇರಳದಲ್ಲಿ ಶಾಲೆಯ ಬಾಗಿಲು ತೆರೆಯಲಿಲ್ಲ. ಕೋವಿಡ್ ಮಹಾಮಾರಿಯ ದೆಸೆಯಿಂದ ಮಕ್ಕಳು ವಿಕ್ಟರ್ಸ್ ವಾಹಿನಿಯ 'ಫಸ್ಟ್ ಬೆಲ್' ಪಾಠಗಳನ್ನೂ ತಮ್ಮ ಅಧ್ಯಾಪಕರು ಮೊಬೈಲ್ ಮೂಲಕ ಮಾಡುವ ಪಾಠಗಳನ್ನೂ ಅವಲಂಬಿಸಬೇಕಾಯಿತು. ನನ್ನ ಮೊಮ್ಮಗಳು ಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಕೊಡೆ ಹಿಡಿದು ಕುಳಿತುಕೊಳ್ಳುತ್ತಿದ್ದಳು. ಗೋಪುರ ಎದುರಿಗೇ ಕಾಣುತ್ತಿತ್ತು. ಆದರೂ ಮಳೆ ಬಿರುಸಾದಂತೆ ಅಧ್ಯಾಪಿಕೆಯ ಮುಖ ತೆರೆಯ ಮೇಲೆ ನಿಶ್ಚಲವಾಗುತ್ತಿತ್ತು, ಮಾತು ತುಂಡಾಗುತ್ತಿತ್ತು. "ಅಜ್ಜಾ, ಕಡ್ಡಿ ನಾಲ್ಕೂ ಉಂಟು, ಪಾಠ ಮಾತ್ರ ಬರುವುದಿಲ್ಲ" ಎಂದು ಆಕೆ ಹೇಳುವಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬನಿಂದ. ಮೊಬೈಲ್ ಜಾಲಗಳ ನಿರ್ವಹಣೆಯಲ್ಲಿ ಇಂಜಿನಿಯರನಾಗಿರುವ ಆತ ಊರಿಗೆ ಬಂದಿದ್ದಾಗ ನನ್ನನ್ನು ಕಾಣಲು ಬಂದ. "ಮಾಷ್ಟ್ರೇ, ಆ ಕಡ್ಡಿಗಳು ಫೋನಿಗೂ ಗೋಪುರಕ್ಕೂ ನಡುವಿನ ಸಂಬಂಧವನ್ನಷ್ಟೇ ತೋರಿಸುತ್ತವೆ. ಗೋಪುರದಿಂದ ಆಚೆಗಿನ ದಾರಿ ಹೇಗಿದೆ ಎಂಬುದನ್ನು ಅವು ಹೇಳುವುದಿಲ್ಲ" ಎಂದ. ಗೋಪುರವನ್ನು ಕಂಪೆನಿಯ ಮುಖ್ಯ ಕೇಂದ್ರಕ್ಕೆ ಜೋಡಿಸುವ ಆ ದಾರಿಗೆ ಬ್ಯಾಕ್‌ಹಾಲ್ ಎಂದು ಹೆಸರು. ನಮ್ಮ ನಾಡಿನ ಸುರಂಗಗಳನ್ನು ನೆನೆದರೆ ಇದು ಸುಲಭವಾಗಿ ಅರ್ಥವಾದೀತು. ಗುಡ್ಡದ ಒಡಲಿನ ಸುರಂಗದಿಂದ ಅಡಿಕೆ ಮರದ ದಂಬೆಯಲ್ಲಿ ನೀರು ಹರಿದು ಅಂಗಳದ ತೊಟ್ಟಿಗೆ ಬೀಳುತ್ತದೆ. ತೊಟ್ಟಿ ಎಷ್ಟೇ ದೊಡ್ಡದಿರಲಿ, ದಂಬೆ ಕಿರಿದಾದರೆ ಅಥವಾ ನಡುವೆ ಸೋರಿದರೆ ಕೊಡ ತುಂಬುವುದಿಲ್ಲ. ಗೋಪುರವೆಂಬುದು ತೊಟ್ಟಿ, ಬ್ಯಾಕ್‌ಹಾಲ್ ಎಂಬುದು ದಂಬೆ.

ಈ ದಾರಿಗಳಲ್ಲಿ ಒಂದು ನೆಲದಡಿಯಲ್ಲೋ ಕಂಬಗಳ ಮೇಲೋ ಸಾಗುವ ಆಪ್ಟಿಕಲ್ ಫೈಬರ್ ಕೇಬಲ್. ಅದು ಎಲ್ಲ ಗೋಪುರಗಳಿಗೂ ತಲುಪಿಲ್ಲ. ತಲುಪದಲ್ಲಿ ನಿಸ್ತಂತು ದಾರಿ. ಗೋಪುರದ ಮೇಲೆ ಉದ್ದನೆಯ ಹಲಗೆಗಳಂತಿರುವ ಆಂಟೆನಾಗಳು ನಮ್ಮ ಫೋನುಗಳಿಗಾಗಿ. ಚೆಂಡೆಯ ಮುಖದಂತೆ ದುಂಡಗಿರುವವು ದೂರದ ಇನ್ನೊಂದು ಗೋಪುರದೊಡನೆ ಸಂಭಾಷಿಸುವುದಕ್ಕಾಗಿ. ಇವೆರಡು ಪರಸ್ಪರ ಮುಖ ನೋಡುವಂತಿರಬೇಕು. ನಡುವೆ ಗುಡ್ಡ ಬಂದರೆ, ಮರ ಬೆಳೆದು ಅಡ್ಡವಾದರೆ ಸಂಬಂಧ ಕೆಡುತ್ತದೆ.

ಇನ್ನು ಮಳೆಯ ವಿಚಾರ. ಬೆಳಕಿನ ವೇಗವನ್ನು ಕಂಪನಾಂಕದಿಂದ ಭಾಗಿಸಿದರೆ ಅಲೆಯ ಉದ್ದ ದೊರೆಯುವುದೆಂದು ನಾನೇ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. 15 ಗಿಗಾಹರ್ಟ್ಸಿನ ಅಲೆ 2 ಸೆಂಟಿಮೀಟರ್ ಉದ್ದವಿರುತ್ತದೆ. 80 ಗಿಗಾಹರ್ಟ್ಸಿನದು 4 ಮಿಲಿಮೀಟರಿಗಿಂತಲೂ ಕಿರಿದು. ದಪ್ಪ ಮಳೆಹನಿಯ ಗಾತ್ರವೂ ಕೆಲವು ಮಿಲಿಮೀಟರುಗಳೇ. ಅಲೆಯೂ ಹನಿಯೂ ಸರಿಸಮವಾದಾಗ ಹನಿಗಳು ಅಲೆಯನ್ನು ಹೀರಿ ಚದರಿಸಿಬಿಡುತ್ತವೆ. ಹಾಗೆಂದು ಸಣ್ಣ ಅಲೆಗಳನ್ನು ಬಿಡುವಂತೆಯೂ ಇಲ್ಲ. 71ರಿಂದ 76 ಮತ್ತು 81ರಿಂದ 86 ಗಿಗಾಹರ್ಟ್ಸ್ ತನಕ ವಿಶಾಲವಾದ ಹೆದ್ದಾರಿಯೇ ಇದೆ; ಬಹಳಷ್ಟು ಮಾಹಿತಿಯನ್ನು ಅದರಲ್ಲಿ ಸಾಗಿಸಬಹುದು. ದೂರ ಮಾತ್ರ ಕೆಲವೇ ಕಿಲೋಮೀಟರ್. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಾಸರಗೋಡಿನಲ್ಲಿ ಈ ಲೆಕ್ಕಾಚಾರ ಬಲು ಮುಖ್ಯ.

ಮಳೆ ಬಂದಾಗ ದಾರಿ ಪೂರ್ತಿ ಕಡಿಯದಂತೆ ಮಾಡಿರುವ ಉಪಾಯ ನನಗೆ ಬಹಳ ಮೆಚ್ಚಿಗೆಯಾಯಿತು. ಹಳೆಯ ಹೆಂಚಿನ ಮಾಡಿನ ತರಗತಿಯಲ್ಲಿ ಕಲಿತವರಿಗೆಲ್ಲ ಇದು ಗೊತ್ತು: ಆಟಿಯ ಮಳೆ ಹೆಂಚಿನ ಮೇಲೆ ಬಡಿಯುವಾಗ ನಾವು ಅಧ್ಯಾಪಕರು ದೀರ್ಘ ವಾಕ್ಯಗಳನ್ನು ಬಿಟ್ಟು, ಒಂದೊಂದೇ ಶಬ್ದವನ್ನು ಬಿಡಿಸಿ ಹೇಳುತ್ತಿದ್ದೆವು. ಪಾಠ ನಿಧಾನವಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಯಂತ್ರಗಳೂ ಹಾಗೆಯೇ. ಆಕಾಶ ತಿಳಿಯಾಗಿದ್ದಾಗ ಅತ್ಯುತ್ತಮ ಯಂತ್ರವು ಒಂದು ಸಂಕೇತದಲ್ಲಿ 12 ಬಿಟ್ ಮಾಹಿತಿಯನ್ನು ತುಂಬಿ ಕಳುಹಿಸಬಲ್ಲದು. ಮಳೆ ಬಿರುಸಾದಾಗ ಅದನ್ನು ತಾನಾಗಿ 2 ಬಿಟ್ಟಿಗೆ ಇಳಿಸಿಕೊಳ್ಳುತ್ತದೆ. ಅಂದರೆ ದಾರಿಯ ಸಾಮರ್ಥ್ಯ ಆರರಲ್ಲೊಂದು ಪಾಲಾಗುತ್ತದೆ. ಉಳಿದ ಆ ಪಾಲಿನಲ್ಲಿ ಯಾವುದಕ್ಕೆ ಮೊದಲ ಸ್ಥಾನವೆಂಬುದನ್ನು ಮುಂಚಿತವಾಗಿ ನಿಶ್ಚಯಿಸಿರುತ್ತಾರೆ. ಸಾಮಾನ್ಯವಾಗಿ ಮಾತಿನ ಕರೆಗಳು ಮುಂದೆ, ಚಲಿಸುವ ಚಿತ್ರಗಳು ಹಿಂದೆ. ಮೊಮ್ಮಗಳ ಪಾಠ ನಿಂತು ಫೋನಿನ ಮಾತು ನಿಲ್ಲದಿದ್ದುದರ ಗುಟ್ಟು ಹೀಗಿರಬೇಕೆಂದು ಆತ ವಿವರಿಸಿದ.

ಈ ಮಿಲಿಮೀಟರ್ ಅಲೆಗಳು ಇಂದಿನ ಸೃಷ್ಟಿಯೆಂದು ಯಾರೂ ಭಾವಿಸಬಾರದು. ಆಚಾರ್ಯ ಜಗದೀಶಚಂದ್ರ ಬೋಸರು 1895ರಲ್ಲಿ ಕಲಕತ್ತೆಯಲ್ಲಿ ನಿಸ್ತಂತು ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ ತೋರಿಸಿದರು. ಗೋಡೆಗಳು ಅಡ್ಡವಿದ್ದರೂ ಗಂಟೆ ಮೊಳಗಿತು. ಮುಂದೆ ಅವರ ಪ್ರಯೋಗಗಳಲ್ಲಿ ಅಲೆಯ ಉದ್ದ 5 ಮಿಲಿಮೀಟರಿನಷ್ಟು ಕಿರಿದಾಯಿತು. ಅಂದರೆ ಸುಮಾರು 60 ಗಿಗಾಹರ್ಟ್ಸ್. ಅದೇ ಕಂಪನಾಂಕ ಇಂದು ಹತ್ತಿರ ಹತ್ತಿರದ ಗೋಪುರಗಳ ನಡುವೆ ಬಳಕೆಯಲ್ಲಿದೆ. ಗಾಳಿಯ ಆಮ್ಲಜನಕವೇ ಆ ಅಲೆಯನ್ನು ಹೀರುವುದರಿಂದ ಅದು ದೂರ ಹೋಗದು. ಆದುದರಿಂದಲೇ ನೆರೆಯ ದಾರಿಗೆ ಉಪದ್ರವವನ್ನೂ ಕೊಡದು.

ಜನದಟ್ಟಣೆಯ ಮಹಾನಗರಗಳಲ್ಲಿ ಸಮಸ್ಯೆ ಇನ್ನೂ ಜಟಿಲ. ಅಲ್ಲಿ ಒಂದು ದೊಡ್ಡ ಗೋಪುರ ಸಾಲದೆ, ಬೀದಿದೀಪದ ಕಂಬಗಳಲ್ಲಿ ಚಿಕ್ಕ ಚಿಕ್ಕ ಕೇಂದ್ರಗಳನ್ನು ಕೂರಿಸುತ್ತಾರೆ. ಪ್ರತಿಯೊಂದಕ್ಕೂ ರಸ್ತೆ ಅಗೆದು ಕೇಬಲ್ ಎಳೆಯುವುದು ದುಬಾರಿ. 3ಜಿಪಿಪಿ ಎಂಬ ಅಂತಾರಾಷ್ಟ್ರೀಯ ಒಕ್ಕೂಟವು 2020ರಲ್ಲಿ ಪೂರ್ಣಗೊಳಿಸಿದ 5ಜಿ ನಿಯಮಾವಳಿಯಲ್ಲಿ ಇದಕ್ಕೊಂದು ವ್ಯವಸ್ಥೆಯಿದೆ. ಕೇಬಲ್ ಇರುವ ಕೇಂದ್ರವು ದಾನಿ. ಅದರಿಂದ ಗಾಳಿಯ ಮೂಲಕ ಪಡೆಯುವುದು ಮಗು. ಆ ಮಗುವೇ ಮುಂದಿನದಕ್ಕೆ ತಾಯಿ. ಸಾಗುವ ಪ್ರತಿಯೊಂದು ಪೊಟ್ಟಣದ ಮೇಲೂ ಸೇರಬೇಕಾದ ಊರೂ ಹಿಡಿಯಬೇಕಾದ ದಾರಿಯೂ ಬರೆದಿರುತ್ತವೆ. ನಡುವೆ ಬಸ್ಸೊಂದು ಅಡ್ಡ ನಿಂತರೆ ಮಗುವು ಮತ್ತೊಬ್ಬ ತಾಯಿಯನ್ನು ಆಶ್ರಯಿಸುತ್ತದೆ. ಈ ಮರುಜೋಡಣೆಗೆ ವಿವೇಕ ಬೇಕು. ಕೈಯಿಂದ ಕೈ ದಾಟಿದಷ್ಟೂ ವಿಳಂಬ ಹೆಚ್ಚು. ಆದುದರಿಂದ ಸಾಲು ಉದ್ದವಾಗಬಾರದು. ಕ್ಷಣಕ್ಕೊಮ್ಮೆ ತಾಯಿಯನ್ನು ಬದಲಿಸುತ್ತಿದ್ದರೆ ಬದಲಾವಣೆಯಲ್ಲೇ ಹೊತ್ತು ಕಳೆದೀತು. ಹೊಸ ದಾರಿ ನಿಶ್ಚಯವಾಗಿ ಮೇಲಾಗಿದ್ದರೆ ಮಾತ್ರ ಹೊರಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಎರಡನೆಯ ತಾಯಿಯ ಪರಿಚಯ ಮೊದಲೇ ಆಗಿರಬೇಕು. ದಾರಿ ಕಡಿದ ಮೇಲೆ ಹುಡುಕಲು ಹೊರಟರೆ ಅಷ್ಟು ಹೊತ್ತು ಮೌನವೇ ಗತಿ.

ಈ ಕೊನೆಯ ಮಾತನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಶಾಲೆಯೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಲ್ಲಿಯ ಕನ್ನಡ ಶಾಲೆಗಳು ನಿಂತಲ್ಲೇ ನಿಂತಿದ್ದವು. ಹಿಂಬದಿಯ ದಾರಿಗಳೆಲ್ಲ ಬದಲಾದವು. ಪುಸ್ತಕ, ಆಜ್ಞೆ, ಅಧ್ಯಾಪಕರ ನೇಮಕ ಎಲ್ಲವೂ ಬೇರೆ ದಿಕ್ಕಿನಿಂದ ಬರಬೇಕಾಯಿತು. ನನ್ನ ಸೇವಾವಧಿಯಲ್ಲಿ ಜೂನ್ ಕಳೆದು ಓಣಂ ಸಮೀಪಿಸಿದರೂ ಕನ್ನಡ ಪಠ್ಯಪುಸ್ತಕ ಕೈಸೇರದ ವರ್ಷಗಳಿದ್ದವು. ಕನ್ನಡ ಬಾರದವರು ಕನ್ನಡ ತರಗತಿಗೆ ನೇಮಕಗೊಂಡು ಬಂದದ್ದೂ ಇದೆ. ಅಂಥ ಸಮಯದಲ್ಲಿ ನಮ್ಮನ್ನು ಕಾಪಾಡಿದ್ದು ಮಾರ್ಚ್ ತಿಂಗಳಲ್ಲೇ ಮೇಲಿನ ತರಗತಿಯವರಿಂದ ಕೇಳಿ ತೆಗೆದಿರಿಸಿದ ಹಳೆಯ ಪುಸ್ತಕಗಳು, ನಿವೃತ್ತರಾಗಿದ್ದರೂ ಕರೆದಾಗ ಬಂದು ಪಾಠ ಹೇಳಿದ ಹಿರಿಯರು, ನೆರೆಯ ಶಾಲೆಯ ಸಹೋದ್ಯೋಗಿಗಳು. ಇವೇ ನಮ್ಮ ಎರಡನೆಯ ದಾರಿಗಳು. ದಾರಿ ಕಡಿಯುವ ಮುನ್ನವೇ ಅವುಗಳ ಪರಿಚಯವಿದ್ದುದರಿಂದ ಪಾಠ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ.

ಇಂದು ಶಾಲೆಗೆ ಹೊಸ ಕಟ್ಟಡವಿದೆ, ಗಣಕಯಂತ್ರಗಳಿವೆ. ಕಣ್ಣಿಗೆ ಕಾಣುವ ಕಡ್ಡಿಗಳು ನಾಲ್ಕೂ ತುಂಬಿವೆ. ಕಾಣದ ದಾರಿಯನ್ನು ಮಾತ್ರ ಪ್ರತಿಯೊಂದು ತಲೆಮಾರೂ ನೋಡಿಕೊಳ್ಳಬೇಕು. ಕನ್ನಡ ಮಾಧ್ಯಮಕ್ಕೆ ಮಗುವನ್ನು ಸೇರಿಸುವ ಒಂದೊಂದು ಮನೆಯೂ, ಅಧ್ಯಾಪಕ ವೃತ್ತಿಯನ್ನು ಆರಿಸಿಕೊಳ್ಳುವ ಒಬ್ಬೊಬ್ಬ ಹಳೆ ವಿದ್ಯಾರ್ಥಿಯೂ ಆ ದಾರಿಯ ಒಂದೊಂದು ಕೊಂಡಿ. ಹೊರನಾಡುಗಳಲ್ಲಿ ನೆಲೆಸಿರುವ ನನ್ನ ಪ್ರಿಯ ಶಿಷ್ಯರು ವರ್ಷಕ್ಕೊಂದು ದಿನವಾದರೂ ಇಲ್ಲಿಗೆ ಬಂದು, ತಾವು ಕಲಿತ ವಿದ್ಯೆಯನ್ನು ಈ ಮಕ್ಕಳಿಗೆ ಕನ್ನಡದಲ್ಲಿ ಹೇಳಿಕೊಡಲಿ ಎಂಬುದೇ ನನ್ನ ಪ್ರಾರ್ಥನೆ. ನನಗೆ ಈ ಪಾಠ ಒಬ್ಬ ಶಿಷ್ಯನಿಂದ ಕನ್ನಡದಲ್ಲೇ ದೊರೆಯಿತಲ್ಲವೇ? ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲೆಂದು ಹಾರೈಸಿ ವಿರಮಿಸುತ್ತೇನೆ.