ಇಲ್ಲದ ಕೋಟೆಯ ಗುಂಟ

ಮುಂಬಯಿಯ ದಕ್ಷಿಣ ತುದಿಯ ಫೋರ್ಟ್ ಪ್ರದೇಶವನ್ನು ಒಂಟಿಯಾಗಿ ನಡೆದು ನೋಡಲು ಹೊರಟವರಿಗೆ ಕೋಟೆಯೊಂದನ್ನು ಬಿಟ್ಟು ಉಳಿದುದೆಲ್ಲವೂ ಕಾಣಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿದ್ದ ಗೋಡೆಗಳನ್ನು 1860ರ ದಶಕದಲ್ಲಿ, ಬಾರ್ಟಲ್ ಫ್ರೀಯರ್ ಗವರ್ನರ್ ಆಗಿದ್ದಾಗ ಕೆಡವಲಾಯಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದೆ, ಅದರ ಬದಲು ಮುಂಬಯಿ ಬಂದರಿನ ಹತ್ತಿಗೆ ಬಂಗಾರದ ಬೆಲೆ ಬಂದಾಗ, ಊರಿಗೆ ಹರಿದುಬಂದ ಹಣಕ್ಕೂ ಜನಕ್ಕೂ ಗೋಡೆಯೊಳಗಿನ ಜಾಗ ಸಾಲದೆ ಹೋಗಿತ್ತು. ಕುಮಟೆಯ ಬಂದರಿನಿಂದ ಹಡಗೇರುತ್ತಿದ್ದ ಧಾರವಾಡ ಸೀಮೆಯ ಹತ್ತಿಗೂ ಈ ಸುಗ್ಗಿಯಲ್ಲಿ ಪಾಲಿತ್ತು.

ಇಲ್ಲದ ಈ ಗೋಡೆಯನ್ನು ಕಣ್ಣಿಗಿಂತ ಮೊದಲು ಕಾಲು ಗುರುತಿಸುತ್ತದೆ. ಹಾರ್ನಿಮನ್ ಸರ್ಕಲ್ಲಿನ ಆಸುಪಾಸಿನ ಗಲ್ಲಿಗಳಲ್ಲಿ ಕೈಗಾಡಿಗಳಿಗೆ ದಾರಿ ಬಿಡುತ್ತ, ಅಂಗಡಿಯ ಮೆಟ್ಟಿಲಿಗೆ ಒತ್ತಿಕೊಂಡು ಸಾಗಿದವರು, ಪಶ್ಚಿಮಕ್ಕೆ ಹೊರಳಿ ಹುತಾತ್ಮ ಚೌಕವನ್ನು ದಾಟುತ್ತಲೇ ಅಗಲವಾದ ರಸ್ತೆಗಳಿಗೂ ಬಯಲಿಗೂ ಬಂದುಬಿಡುತ್ತಾರೆ. ಆ ಚೌಕದಲ್ಲಿರುವ 1864ರ ಫ್ಲೋರಾ ಕಾರಂಜಿ ನಿಂತಿರುವುದು ಕೋಟೆಯ ಚರ್ಚ್‌ಗೇಟ್ ಎಂಬ ಬಾಗಿಲಿದ್ದ ಸ್ಥಳದಲ್ಲಿ. 1718ರಲ್ಲಿ ತೆರೆದ ಸೇಂಟ್ ಥಾಮಸ್ ಚರ್ಚಿನ ಕಡೆಗಿದ್ದ ಬಾಗಿಲು ಅದು. ಗೋಡೆಯಾಚೆಗಿನ ನೆಲಕ್ಕೆ ಎಸ್‌ಪ್ಲನೇಡ್ ಎಂದು ಹೆಸರಿತ್ತು, ಅಂದರೆ ಶತ್ರು ಬಂದರೆ ಫಿರಂಗಿಯ ಗುರಿಗೆ ಏನೂ ಅಡ್ಡ ಬರಬಾರದೆಂದು ಕಟ್ಟಡಗಳಿಲ್ಲದಂತೆ ಬಿಟ್ಟಿದ್ದ ಬಯಲು. ಇಂದಿನ ಆಜಾದ್, ಕ್ರಾಸ್ ಮತ್ತು ಓವಲ್ ಮೈದಾನಗಳು ಅದರ ಉಳಿಕೆಗಳಾಗಿದ್ದು, ಇಷ್ಟು ದುಬಾರಿ ನೆಲದಲ್ಲಿ ಹುಡುಗರಿಗೆ ಕ್ರಿಕೆಟ್ ಆಡಲು ಜಾಗ ದಕ್ಕಿರುವುದಕ್ಕೆ ಆ ಫಿರಂಗಿಗಳಿಗೇ ಕೃತಜ್ಞತೆ ಸಲ್ಲಬೇಕು.

ಉತ್ತರದ ತುದಿಯಲ್ಲಿ ಎಫ್. ಡಬ್ಲ್ಯು. ಸ್ಟೀವನ್ಸ್ ರೂಪಿಸಿದ, 1888ರಲ್ಲಿ ಪೂರ್ಣಗೊಂಡ ಛತ್ರಪತಿ ಶಿವಾಜಿ ಮಹಾರಾಜ ರೈಲು ನಿಲ್ದಾಣವಿದೆ. ಅದರ ಬಾಗಿಲ ಕಂಬಗಳ ಮೇಲೆ ಬ್ರಿಟನ್ನಿನ ಪರವಾಗಿ ಸಿಂಹವೂ ಭಾರತದ ಪರವಾಗಿ ಹುಲಿಯೂ ಕುಳಿತಿವೆ. ಅಲ್ಲಿಂದ ದಕ್ಷಿಣಕ್ಕೆ ಸಾಗುವ ದಾದಾಭಾಯಿ ನವರೋಜಿ ರಸ್ತೆಯ ಇಕ್ಕೆಲದ ಕಟ್ಟಡಗಳು ನೆಲಮಹಡಿಯಲ್ಲಿ ಕಮಾನುಗಳ ಮೊಗಸಾಲೆಯನ್ನು ಬಿಟ್ಟುಕೊಟ್ಟಿರುವುದರಿಂದ ಬಿಸಿಲಿನಲ್ಲೂ ಮಳೆಯಲ್ಲೂ ಬಹುದೂರ ನೆರಳಿನಲ್ಲೇ ನಡೆಯಬಹುದು. ಆದರೆ ಕಟ್ಟಡದ ಅಂದ ಕಾಣಬೇಕಾದರೆ ನೆರಳು ಬಿಟ್ಟು ಎದುರು ಬದಿಗೆ ಹೋಗಿ ನಿಲ್ಲಲೇಬೇಕು.

ಹೆಚ್ಚು ಹೊತ್ತು ನಿಲ್ಲತಕ್ಕ ಸ್ಥಳವೆಂದರೆ ಓವಲ್ ಮೈದಾನದ ನಡುವೆ ಹಾಯುವ ಕಾಲುದಾರಿ. ಪೂರ್ವಕ್ಕೆ ಹಳೆಯ ಸೆಕ್ರೆಟೇರಿಯಟ್ (1874), ವಿಶ್ವವಿದ್ಯಾಲಯ, ಹೈಕೋರ್ಟ್ (1878) ಒಂದೇ ಸಾಲಿನಲ್ಲಿ ನಿಂತಿವೆ. ಚೂಪು ತುದಿಯ ಕಮಾನು, ಮೊನಚು ಶಿಖರ, ಕೆತ್ತಿದ ಪ್ರಾಣಿ-ಪಕ್ಷಿಗಳಿಂದ ಕೂಡಿದ ಈ ಬಗೆಗೆ ವಿಕ್ಟೋರಿಯನ್ ಗಾಥಿಕ್ ಶೈಲಿ ಎನ್ನುತ್ತಾರೆ. ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರವು, ಹತ್ತಿ ವ್ಯಾಪಾರದಲ್ಲಿ ಗಳಿಸಿ, ಯುದ್ಧ ಮುಗಿದು ಬೆಲೆ ಕುಸಿದ 1865ರಲ್ಲಿ ಬಹಳಷ್ಟನ್ನು ಕಳೆದುಕೊಂಡ ಪ್ರೇಮಚಂದ್ ರಾಯಚಂದ್ ಅವರು ತಾಯಿಯ ಹೆಸರಿನಲ್ಲಿ ಕೊಟ್ಟ ದಾನದಿಂದ ಎದ್ದದ್ದು. 280 ಅಡಿ ಎತ್ತರದ ಅದರ ಮೇಲ್ಭಾಗದಲ್ಲಿ ಪಶ್ಚಿಮ ಭಾರತದ ಜಾತಿ-ಸಮುದಾಯಗಳ 24 ಪ್ರತಿಮೆಗಳಿವೆ. ಅವುಗಳನ್ನು ಗುರುತಿಸಲು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಬೇಕಾಗುತ್ತದೆ, ಅವಸರದ ಜೊತೆಗಾರರಿಲ್ಲದಿದ್ದರೆ ಮಾತ್ರ ಅದು ಸಾಧ್ಯ.

ಕರ್ನಾಟಕದಿಂದ ಬಂದವರಿಗೆ ಈ ಸಾಲು ಪರರ ಊರಿನ ಕಟ್ಟಡಗಳಷ್ಟೇ ಅಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೂ ಮುಂಬಯಿಯ ಆಡಳಿತಕ್ಕೆ ಸೇರಿದ್ದವು. ಆ ಸೀಮೆಯ ರೈತನ ಕಂದಾಯದ ಅರ್ಜಿ ಕೊನೆಗೆ ಮುಟ್ಟಬೇಕಾದದ್ದು ಈ ಸೆಕ್ರೆಟೇರಿಯಟ್ಟನ್ನು, ಅಣ್ಣತಮ್ಮಂದಿರ ಹೊಲದ ವ್ಯಾಜ್ಯ ಮೇಲ್ಮನವಿಗೆ ಏರಬೇಕಾದದ್ದು ಈ ಹೈಕೋರ್ಟಿನ ಮೆಟ್ಟಿಲನ್ನು. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮುಂಬಯಿಯಲ್ಲಿಯೇ ಆರಂಭವಾಗಿ ಆಮೇಲೆ ಧಾರವಾಡಕ್ಕೆ ಬಂದಿತು. ಕರಾವಳಿಯವರ ನಂಟು ಬೇರೆ ಬಗೆಯದು: ಫೋರ್ಟಿನ ಉಡುಪಿ ಹೋಟೆಲುಗಳಲ್ಲಿ ಹಗಲು ಲೋಟ-ಬಸಿ ತೊಳೆದ ದಕ್ಷಿಣ ಕನ್ನಡದ ಹುಡುಗರು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಗುಮಾಸ್ತರೂ ವಕೀಲರೂ ಆದರು. ಇವರ ನೆನಪಿಗೆ ಗೋಪುರವಿಲ್ಲ. ಗಲ್ಲಿಯ ಹೋಟೆಲಿನಲ್ಲಿ ಇಡ್ಲಿ-ಸಾಂಬಾರು ಈಗಲೂ ಸಿಗುತ್ತದೆ.

ಅದೇ ಓವಲ್ ಮೈದಾನದ ಪಶ್ಚಿಮಕ್ಕೆ 1930ರ ದಶಕದ ವಸತಿಕಟ್ಟಡಗಳಿವೆ. ಸಮುದ್ರಕ್ಕೆ ಮಣ್ಣು ತುಂಬಿ ಪಡೆದ ಹೊಸ ನೆಲವನ್ನು ಬೆನ್ನಿಗಿಟ್ಟುಕೊಂಡಿರುವ, ಕಾಂಕ್ರೀಟಿನ ದುಂಡು ಬಾಲ್ಕನಿ, ಕಿಟಕಿಯ ಮೇಲೆ ಹುಬ್ಬಿನಂತೆ ಚಾಚಿದ ಸಜ್ಜಾಗಳಿರುವ ಇವು ಆರ್ಟ್ ಡೆಕೊ ಎಂಬ ಶೈಲಿಗೆ ಸೇರುತ್ತವೆ. 2018ರಲ್ಲಿ ಯುನೆಸ್ಕೊ ಎರಡೂ ಸಾಲುಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸರಿಯಾಗಿಯೇ ಇದೆ, ಏಕೆಂದರೆ ಆಳುವವರು ತಮ್ಮ ಪ್ರತಾಪಕ್ಕೆಂದು ಕಟ್ಟಿದ್ದನ್ನು ಊರಿನ ಅನುಕೂಲಸ್ಥರು ತಮ್ಮ ಸುಖಕ್ಕೆಂದು ಕಟ್ಟಿದ್ದರ ಎದುರಿಗೇ ಇಟ್ಟು ನೋಡುವ ಅವಕಾಶ ಬೇರೆಡೆ ಅಪರೂಪ. ಪ್ರವಾಸಿಗಳ ಪಟ್ಟಿಯಲ್ಲಿ ಮೊದಲು ಬರುವ ಗೇಟ್‌ವೇ ಆಫ್ ಇಂಡಿಯಾವನ್ನು (1924) ಈ ನಡಿಗೆಯಲ್ಲಿ ಬಿಟ್ಟರೂ ನಷ್ಟವೇನಿಲ್ಲ. ಬಿಡಬೇಕಾದ ಇನ್ನೊಂದೆಂದರೆ ಕಚೇರಿ ಬಿಡುವ ಹೊತ್ತು: ಆಗ ಮೈದಾನದ ಕಾಲುದಾರಿಯಲ್ಲಿ ಜನರೆಲ್ಲರೂ ಲೋಕಲ್ ಹಿಡಿಯಲು ಚರ್ಚ್‌ಗೇಟ್ ನಿಲ್ದಾಣದ ಕಡೆಗೆ ಧಾವಿಸುತ್ತಿರುತ್ತಾರೆ, ನಿಂತು ಗೋಪುರ ನೋಡುವವರನ್ನು ಬದಿಗೆ ಸರಿಸಿಯೇ ಮುಂದೆ ಹೋಗುತ್ತಾರೆ.