ಗಣಕಯಂತ್ರದ ಅನುಮಾನ

ಸಂಸ್ಕೃತ ಪಾಠಶಾಲೆಯಲ್ಲಿ ತರ್ಕವನ್ನು ಓದಿದವನಿಗೆ ಗಣಕಯಂತ್ರದ ವಿಚಾರವಾಗಿ ಮಾತನಾಡುವ ಅಧಿಕಾರವೆಲ್ಲಿಯದು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆದರೆ ಆ ಯಂತ್ರವೂ ತನ್ನ ಮುಂದೆ ಕುಳಿತವರ ವಿಷಯದಲ್ಲಿ ಒಂದು ಅನುಮಾನವನ್ನು ಮಾಡುತ್ತದೆ. ಆ ಅನುಮಾನದ ಮೇಲೆ ಒಂದು ಕಾರ್ಯವನ್ನೂ ನಡೆಸುತ್ತದೆ. ಅನುಮಾನವು ಇದ್ದ ಕಡೆ ಅದರ ಗುಣದೋಷಗಳನ್ನು ವಿಚಾರಿಸುವ ಹಕ್ಕು ನನ್ನಂಥವನಿಗೂ ಕೊಂಚಮಟ್ಟಿಗೆ ಉಂಟೆಂದು ನಂಬಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ವಿಷಯವಿಷ್ಟೆ. ಯಂತ್ರದ ಪರದೆಯ ಮೇಲೆ ಒಂದು ಪುಟವನ್ನು ಓದುತ್ತಿರುತ್ತೇವೆ. ಕೈ ಕೀಲಿಮಣೆಯ ಮೇಲಾಗಲಿ ಮೌಸಿನ ಮೇಲಾಗಲಿ ಇರುವುದಿಲ್ಲ. ಕೆಲವು ನಿಮಿಷಗಳು ಕಳೆಯುವಷ್ಟರಲ್ಲಿ ಪರದೆ ಕಪ್ಪಾಗಿಬಿಡುತ್ತದೆ. ಬೆರಳು ಸೋಕಿಸಿದರೆ ಮರಳಿ ಬೆಳಗುವುದಾದ್ದರಿಂದ ಬಹುಜನರಿಗೆ ಇದೊಂದು ಬಾಧೆಯೇ ಅಲ್ಲ. ನಮ್ಮ ಅಣ್ಣನವರಿಗೆ ಮಾತ್ರ ಹಾಗಲ್ಲ.

ಅವರಿಗೀಗ ಎಪ್ಪತ್ತನಾಲ್ಕು ವರ್ಷ. ಎರಡು ವರ್ಷಗಳ ಹಿಂದೆ ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿತು. ಎಡಗೈ ನಡುಗುತ್ತದೆ, ಒಂದು ಕೀಲಿಯನ್ನು ಒತ್ತಹೋದರೆ ನಾಲ್ಕನ್ನು ಒತ್ತಿ, ಓದುತ್ತಿದ್ದ ಪುಟವೇ ಎಲ್ಲಿಗೋ ಹೊರಟುಹೋಗುತ್ತದೆ. ದೇವರ ದಯದಿಂದ ಕಣ್ಣೂ ಬುದ್ಧಿಯೂ ಕೆಟ್ಟಿಲ್ಲ. ಪುಸ್ತಕವನ್ನು ಹಿಡಿಯಲಾರದ ಅವರಿಗಾಗಿ ಅವರ ಮೊಮ್ಮಗನು ಸಿದ್ಧಾಂತಕೌಮುದಿಯ ಹಳೆಯ ಮುದ್ರಣವೊಂದರ ಪುಟಗಳ ಚಿತ್ರಗಳನ್ನು ದೊಡ್ಡ ಅಕ್ಷರಗಳಲ್ಲಿ ಕಾಣುವಂತೆ ಪರದೆಯ ಮೇಲೆ ಅಣಿಮಾಡಿಕೊಟ್ಟನು. ಪುಟ ತಿರುವಲು ಅರ್ಧ ಗಂಟೆಗೊಮ್ಮೆ ಮನೆಯವರಲ್ಲಿ ಯಾರಾದರೂ ಹೋಗುವುದೆಂದು ಗೊತ್ತಾಯಿತು. ಅಷ್ಟು ಸೇವೆಯನ್ನು ಸ್ವೀಕರಿಸಲು ಅಣ್ಣನವರಿಗೂ ಸಂಕೋಚವಿರಲಿಲ್ಲ.

ಆದರೆ ವ್ಯಾಕರಣವನ್ನು ಓದುವ ರೀತಿಯೇ ಬೇರೆ. ಒಂದು ಸೂತ್ರವನ್ನು ನೋಡಿ, ಹಿಂದಿನ ಸೂತ್ರಗಳಿಂದ ಯಾವ ಪದದ ಅನುವೃತ್ತಿ ಬರುತ್ತದೆಂದು ಕಣ್ಣು ಮುಚ್ಚಿ ನೆನೆದು, ಮತ್ತೆ ವೃತ್ತಿಯನ್ನು ನೋಡಬೇಕು. ಅವರು ಕಣ್ಣು ತೆರೆಯುವ ವೇಳೆಗೆ ಎದುರಿಗೆ ಕತ್ತಲೆ. "ಅಮ್ಮಾ, ದೀಪ ಹೋಯಿತು" ಎಂದು ಸೊಸೆಯನ್ನು ಕೂಗುವರು. ಆಕೆ ಅಡಿಗೆಯ ಮನೆಯಿಂದ ಕೈ ಒರಸಿಕೊಂಡು ಬಂದು ಬೆಳಗಿಸಿ ಹೋಗುವಳು. ಆಕೆ ಒಂದು ದಿನವೂ ಬೇಸರಪಡಲಿಲ್ಲ. ಆದರೂ ಒಂದು ವಾರದೊಳಗೆ ಅಣ್ಣನವರ ಓದಿನಲ್ಲಿ ಒಂದು ಮಾರ್ಪಾಟನ್ನು ಕಂಡೆನು. ಅವರು ನಿಲ್ಲದೆ ಓದತೊಡಗಿದ್ದರು. ಕತ್ತಲಾಗುವುದರೊಳಗೆ ಪುಟವನ್ನು ಮುಗಿಸಿಬಿಡಬೇಕೆಂಬ ಆತುರ. ಅರ್ಥವಾಗದೆ ಒಂದು ಸೂತ್ರವನ್ನೂ ದಾಟಕೂಡದೆಂದು ಬಾಲ್ಯದಲ್ಲಿ ನನ್ನ ಕಿವಿ ಹಿಂಡಿದವರು ಅವರೇ. ಮತ್ತೆರಡು ದಿನಗಳಾದ ಮೇಲೆ, "ಇವತ್ತು ಓದು ಬೇಡ" ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದರು.

ಪರದೆಯನ್ನು ಆರಿಸುವ ಈ ಏರ್ಪಾಡಿಗೆ ಕಾರಣವಿಲ್ಲದಿಲ್ಲ. ಹಿಂದಿನ ಗಾಜಿನ ಕೊಳವೆಯ ಪರದೆಗಳಲ್ಲಿ ಒಂದೇ ಚಿತ್ರವು ಬಹುಕಾಲ ನಿಂತರೆ ಒಳಗಿನ ಬೆಳಗುವ ಲೇಪದಲ್ಲಿ ಅದರ ಕಲೆ ಉಳಿದುಬಿಡುತ್ತಿತ್ತು. ಇದನ್ನು ತಪ್ಪಿಸಲು ಅಮೆರಿಕೆಯ ಜಾನ್ ಸೋಚಾ ಎಂಬವರು ಬರೆದ ಒಂದು ಸಣ್ಣ ಕ್ರಮವಿಧಿಯು ೧೯೮೩ರ ಡಿಸೆಂಬರಿನಲ್ಲಿ ಸಾಫ್ಟ್‌ಟಾಕ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ನಿಮಿಷ ಯಾರೂ ಕೀಲಿ ಮುಟ್ಟದಿದ್ದರೆ ಅದು ಪರದೆಯನ್ನು ಬರಿದು ಮಾಡುತ್ತಿತ್ತು. ೧೯೯೨ರಲ್ಲಿ ಅಮೆರಿಕೆಯ ಪರಿಸರ ಸಂರಕ್ಷಣಾ ಇಲಾಖೆಯು ಎನರ್ಜಿ ಸ್ಟಾರ್ ಎಂಬ ಮುದ್ರೆಯ ಮೂಲಕ ವಿದ್ಯುತ್ತಿನ ಮಿತವ್ಯಯವನ್ನು ಪ್ರೋತ್ಸಾಹಿಸಿತು. ಇಂದಿನ ಎಲ್‌ಸಿಡಿ ಪರದೆಗಳಲ್ಲಿ ಕಲೆಯ ಭಯ ಬಹುಮಟ್ಟಿಗೆ ಹೋಗಿದೆ. ವಿದ್ಯುತ್ತನ್ನೂ ಬ್ಯಾಟರಿಯನ್ನೂ ಉಳಿಸುವ ಉದ್ದೇಶ ಉಳಿದಿದೆ. ಉದ್ದೇಶವು ಒಳ್ಳೆಯದೇ. ದೋಷವಿರುವುದು ಅನುಮಾನದಲ್ಲಿ.

ಯಂತ್ರದ ವಾದವನ್ನು ನಮ್ಮ ಪರಿಭಾಷೆಯಲ್ಲಿ ಹೀಗೆ ಹೇಳಬಹುದು: ಈ ಆಸನದಲ್ಲಿ ಮನುಷ್ಯನಿಲ್ಲ, ಕೈಯ ಚಲನೆ ಇಲ್ಲದಿರುವುದರಿಂದ. ಕೈಯ ಚಲನೆ ಇಲ್ಲದಿರುವುದು ಎದ್ದುಹೋದವನ ಆಸನದಲ್ಲಿಯೂ ಉಂಟು, ಕುಳಿತು ಓದುವವನ ಆಸನದಲ್ಲಿಯೂ ಉಂಟು. ಇಂಥ ಹೇತುವನ್ನು ಸವ್ಯಭಿಚಾರವೆನ್ನುತ್ತಾರೆ. ತರ್ಕಸಂಗ್ರಹವು ಎಣಿಸುವ ಐದು ಹೇತ್ವಾಭಾಸಗಳಲ್ಲಿ ಇದೇ ಮೊದಲನೆಯದು. ಇನ್ನೊಂದು ರೀತಿಯಿಂದಲೂ ನೋಡಬಹುದು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆನ್ನುವುದು ನ್ಯಾಯ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಹಾಗೆನ್ನುವುದು ಅನ್ಯಾಯ. ಇದ್ದಿದ್ದರೆ ಕಾಣಿಸಲೇಬೇಕಾಗಿತ್ತು ಎಂಬ ಯೋಗ್ಯತೆಯಿದ್ದಾಗ ಮಾತ್ರ ಕಾಣದಿರುವಿಕೆಯು ಅಭಾವವನ್ನು ಸಾಧಿಸೀತು. ಬೆರಳನ್ನಲ್ಲದೆ ಬೇರೇನನ್ನೂ ಅರಿಯದ ಯಂತ್ರಕ್ಕೆ ಓದುಗನ ಕಣ್ಣು ಕತ್ತಲೆಯ ಕೋಣೆಯ ಗಡಿಗೆ.

ವಿನೋದವೇನೆಂದರೆ, ಅದೇ ಯಂತ್ರವು ಸಿನಿಮಾ ನೋಡುವವನ ಮುಂದೆ ಮೂರು ಗಂಟೆ ಬೆಳಗುತ್ತಲೇ ಇರುತ್ತದೆ. ಚಿತ್ರವನ್ನು ತೋರಿಸುವ ಕ್ರಮವಿಧಿಯು ಪರದೆಯನ್ನು ಆರಿಸಬೇಡವೆಂದು ಯಂತ್ರಕ್ಕೆ ತಾನಾಗಿಯೇ ಬಿನ್ನವಿಸಿಕೊಳ್ಳುತ್ತದಂತೆ. ನಿಂತ ಪುಟದ ಪರವಾಗಿ ಸಾಮಾನ್ಯವಾಗಿ ಯಾರೂ ಬಿನ್ನವಿಸುವುದಿಲ್ಲ.

ಪರಿಹಾರವೇನೋ ಸುಲಭವಾಗಿಯೇ ದೊರೆಯಿತು. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್ ಎಂಬಲ್ಲಿಗೂ, ಅಲ್ಲಿಂದ ಪವರ್ ಎಂಬಲ್ಲಿಗೂ ಹೋದರೆ, ಪರದೆ ಎಷ್ಟು ಹೊತ್ತಿಗೆ ಆರಬೇಕು, ಯಂತ್ರ ಎಷ್ಟು ಹೊತ್ತಿಗೆ ನಿದ್ರಿಸಬೇಕು ಎಂಬೆರಡು ಅವಧಿಗಳು ಕಾಣುತ್ತವೆ. ಮಡಿಚುವ ಯಂತ್ರವಾದರೆ ಬ್ಯಾಟರಿಯಲ್ಲಿರುವಾಗ ಒಂದು, ತಂತಿ ಚುಚ್ಚಿರುವಾಗ ಒಂದು ಎಂದು ಲೆಕ್ಕ ಬೇರೆ ಬೇರೆ. ಹುಡುಗನು ಎರಡನ್ನೂ ಒಂದು ಗಂಟೆಗೆ ಏರಿಸಿದನು. ಆದರೂ ಐದು ನಿಮಿಷಕ್ಕೆ ಪರದೆ ಕಪ್ಪಾಯಿತು! ಹುಡುಕಿ ನೋಡಲಾಗಿ, ಸ್ಕ್ರೀನ್ ಸೇವರ್ ಎಂಬ ಹಳೆಯ ಏರ್ಪಾಡು ತನ್ನದೇ ಗಡಿಯಾರವನ್ನಿಟ್ಟುಕೊಂಡು ಬೇರೊಂದು ಮೂಲೆಯಲ್ಲಿ ಕುಳಿತಿತ್ತು. ಗಡಿಯಾರಗಳು ಎಷ್ಟಿದ್ದರೂ ಮೊದಲು ಮುಗಿಯುವುದರ ಮಾತೇ ನಡೆಯುವುದು. ಅದನ್ನೂ ನಿಲ್ಲಿಸಿದ ಮೇಲೆ ಬೆಳಕು ನಿಂತಿತು. ಆರಲೇಬಾರದೆಂದು ವಿಧಿಸುವ ಅವಕಾಶವೂ ಇತ್ತು. ವಿದ್ಯುತ್ತಿನ ಮೇಲಣ ಗೌರವದಿಂದ ಅಣ್ಣನವರೇ ಅದನ್ನು ಬೇಡವೆಂದರು.

ಈಗ ಅವರು ತಮ್ಮ ಹಳೆಯ ಗತಿಯಲ್ಲಿಯೇ ಓದುತ್ತಾರೆ. ಒಂದು ಸಂಧ್ಯಾಕಾಲ ಬಹಳ ಹೊತ್ತಾದರೂ ಕೂಗು ಕೇಳದಿರಲು ಸೊಸೆಯು ಒಳಗೆ ಹೋಗಿ ನೋಡಿದಳು. ಕಣ್ಣು ಮುಚ್ಚಿತ್ತು, ಮೈ ಅಲುಗುತ್ತಿರಲಿಲ್ಲ. ಮಾವನವರಿಗೆ ನಿದ್ರೆ ಹತ್ತಿತೆಂದು ಬಗೆದು ಮೆಲ್ಲನೆ ಯಂತ್ರವನ್ನು ಆರಿಸಲು ಕೈ ಚಾಚಿದಳಂತೆ.

"ಇರಲಮ್ಮಾ, ಓದುತ್ತಿದ್ದೇನೆ" ಎಂದರು ಅಣ್ಣನವರು, ಕಣ್ಣು ತೆರೆಯದೆ.