ಏಳು ಕಿಲೋಗ್ರಾಮಿನ ಗಂಟು

ಸಿರುಗುಪ್ಪದ ಸೀಮೆ ತುಂಗಭದ್ರೆಯ ನೀರುಂಡ ಬತ್ತದ ನಾಡು. ಇಲ್ಲಿಯ ಹಚ್ಚೊಳ್ಳಿಯಿಂದ ಮಕ್ಕಳ ಮನೆಗೆ ಹೊರಟವರು ಅಕ್ಕಿಯ ಗಂಟಿಲ್ಲದೆ ಹೊಸ್ತಿಲು ದಾಟರು. ಬಸ್ಸಿಗೆ ಅದು ಭಾರವಲ್ಲ. ವಿಮಾನದ ರೀತಿ ಬೇರೆ. ಇಂಡಿಗೋ ವಿಮಾನದೊಳಗೆ ಒಯ್ಯುವ ಚೀಲವು 55 ಸೆಂಟಿಮೀಟರ್ ಉದ್ದ, 35 ಅಗಲ, 25 ದಪ್ಪಗಳನ್ನೂ, 7 ಕಿಲೋಗ್ರಾಂ ತೂಕವನ್ನೂ ಮೀರಕೂಡದು. ಗಾಲಿ, ಹಿಡಿಗಳೂ ಅಳತೆಗೆ ಸೇರಿದವು. ಪೆಟ್ಟಿಗೆಯೇ ಮೂರು ಕಿಲೋ ತೂಗಿದರೆ ಉಳಿಯುವುದು ನಾಲ್ಕೇ. ಆದುದರಿಂದ ಬಟ್ಟೆಯ ಚೀಲವೇ ಲೇಸು. ಎಣ್ಣೆಯಂಶವುಳ್ಳ ಒಣಕೊಬ್ಬರಿಗೆ ಬೆಂಕಿಯ ಭಯದಿಂದ ಪ್ರವೇಶವಿಲ್ಲ.

ಬೆಂಗಳೂರಿನಿಂದ ದೆಹಲಿಗೆ, ಮಗಳ ಮನೆಗೆ, ಹೊರಟಾಗ ನಾವು ಪುಸ್ತಕಗಳನ್ನೂ ಎರಡನೆಯ ಪಂಚೆಯನ್ನೂ ಹೊರಗಿಟ್ಟು, ನಾಲ್ಕು ಕಿಲೋ ಅಕ್ಕಿಯನ್ನು ಒಳಗಿಟ್ಟೆವು. ಪತಂಜಲಿ ಮಹರ್ಷಿಗಳು ಯಮಗಳಲ್ಲಿ ಕಡೆಯದಾಗಿ ಹೇಳಿದ ಅಪರಿಗ್ರಹವನ್ನು ಶಾಲೆಯಲ್ಲಿ ಬೋಧಿಸುವುದು ಸುಲಭ. ಆಚರಣೆಗೆ ತರಿಸಿದುದು ಈ ಸಣ್ಣ ಚೀಲ. ಮಗಳ ಅಡುಗೆಮನೆಯಲ್ಲಿ ಊರಿನ ಅನ್ನದ ಪರಿಮಳ ಹಬ್ಬಿದಾಗ, ಬಿಟ್ಟುಬಂದುದಾವುದೂ ನೆನಪಾಗಲಿಲ್ಲ.